ಮೇಲ್ದರ್ಜೆಯ ಮರವೂ ಬಾಗುವುದೇಕೆ?

ಅಮೆರಿಕ, ಕೆನಡಾಗಳಲ್ಲಿ ಕಟ್ಟಡದ ಮರಕ್ಕೆ ಒತ್ತುವ ದರ್ಜೆಯ ಮುದ್ರೆ ಮುಖ್ಯವಾಗಿ ಅದರ ಬಲವನ್ನು ಹೇಳುತ್ತದೆ. ಗಂಟಿನ ಗಾತ್ರ, ಎಳೆಯ ಓರೆ, ಸೀಳುಗಳನ್ನು ನೋಡಿ ‘ಸೆಲೆಕ್ಟ್ ಸ್ಟ್ರಕ್ಚರಲ್’, ‘ನಂಬರ್ 1’, ‘ನಂಬರ್ 2’ ಎಂದು ವಿಂಗಡಿಸುತ್ತಾರೆ. ಡೊಂಕಿಗೂ ಮಿತಿಯಿದೆ, ಆದರೆ ಅದು ವಿಂಗಡಿಸಿದ ದಿನದ ಅಳತೆ. ಆಮೇಲೆ ಒಣಗಿ ಬಾಗುವುದಿಲ್ಲ ಎಂಬ ಭರವಸೆಯನ್ನು ಮುದ್ರೆ ಕೊಡುವುದಿಲ್ಲ.

ಡೊಂಕಿಗೆ ಮೂಲ ಕಾರಣ ಅಸಮವಾದ ಕುಗ್ಗುವಿಕೆ. ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗಿಳಿದಾಗ ಮರ ಕುಗ್ಗತೊಡಗುತ್ತದೆ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ಅವುಗಳಿಗೆ ಅಡ್ಡಲಾಗಿ ಆಗುವುದರ ಸುಮಾರು ಎರಡರಷ್ಟು. ತಿರುಳಿನ ಸುತ್ತಲಿನ ಎಳೆಯ ಮರ ಉದ್ದಕ್ಕೂ ಕುಗ್ಗಿ ತುಂಡನ್ನು ಬಾಗಿಸುತ್ತದೆ. ಸುರುಳಿಯಾಗಿ ಬೆಳೆದ ಎಳೆ ಅದನ್ನು ತಿರುಚುತ್ತದೆ. ಮೇಲ್ದರ್ಜೆಯಲ್ಲಿ ದೊಡ್ಡ ಗಂಟು, ಓರೆ ಎಳೆಗಳು ಕಡಿಮೆಯಾದ್ದರಿಂದ ಅಪಾಯ ತಗ್ಗುತ್ತದೆ, ಪೂರ್ತಿ ತಪ್ಪುವುದಿಲ್ಲ.

ಆದ್ದರಿಂದ ಕೊಳ್ಳುವಾಗ ತೇವಾಂಶದ ಗುರುತನ್ನೂ ಓದಬೇಕು. ‘ಎಸ್-ಡ್ರೈ’ ಎಂದರೆ ಹದಮಾಡಿ ನಯಗೊಳಿಸುವಾಗ ಗರಿಷ್ಠ ಶೇ 19; ‘ಕೆಡಿ15’ ಎಂದರೆ ಗರಿಷ್ಠ ಶೇ 15; ‘ಎಸ್-ಜಿಆರ್‌ಎನ್’ ಎಂದರೆ ಹಸಿ ಮರ. ತುದಿಯಲ್ಲಿ ತಿರುಳಿನ ಚುಕ್ಕೆ ಕಾಣುವ ತುಂಡನ್ನು ಬಿಡುವುದು ಲೇಸು. ತಂದ ಮರವನ್ನು ನೆಲಕ್ಕೆ ತಾಗದಂತೆ, ನಡುವೆ ಸಮನಾದ ಪಟ್ಟಿಗಳನ್ನಿಟ್ಟು, ಮಳೆ-ಬಿಸಿಲು ಬೀಳದಂತೆ ಪೇರಿಸಬೇಕು.