ಕೊಟ್ಟಿಗೆಯಿಂದ ಬಂದ ತಾಜ್ ಮಹಲ್

ಪ್ರಶ್ನೆ: ಮನೆಯ ಹಳೆಯ ಸಿ.ಡಿ.ಗಳ ನಡುವೆ ‘ಮುಮ್ತಾಜ್ ಮಹಲ್’ ಎಂಬುದೊಂದು ಸಿಕ್ಕಿತು. ಮೇಲೆ ತಾಜ್ ಮಹಲ್, ವಿ.ಎಂ. ಭಟ್, ಎನ್. ರವಿಕಿರಣ್ ಎಂದು ಮೂರು ಹೆಸರು. ಗಜಲ್ ಇರಬೇಕೆಂದು ಹಾಕಿದರೆ ಯಾರೋ ಒರಟು ದನಿಯವರು ಇಂಗ್ಲಿಷಿನಲ್ಲಿ ಹಾಡುತ್ತಾರೆ, ಹಿಂದೆ ವೀಣೆಯಂಥ ನಾದ. ಈ ತಾಜ್ ಮಹಲ್ ಯಾರು? ನಮ್ಮವರು ಅದರಲ್ಲಿ ಹೇಗೆ ಸೇರಿಕೊಂಡರು?
– ಓದುಗರೊಬ್ಬರು, ಜಾವಳಿ

ಉತ್ತರ: ಆ ಒರಟು ದನಿಯವರ ನಿಜನಾಮ ಹೆನ್ರಿ ಸೇಂಟ್ ಕ್ಲೇರ್ ಫ್ರೆಡ್ರಿಕ್ಸ್. ಹುಟ್ಟಿದ್ದು 1942ರ ಮೇ 17ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಬೆಳೆದದ್ದು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಹರೆಯದಲ್ಲಿ ಗಾಂಧೀಜಿ, ಭಾರತ ಎಲ್ಲ ಕನಸಿನಲ್ಲಿ ಬರುತ್ತಿದ್ದವು, ಹಾಗಾಗಿ ಈ ಹೆಸರಿಟ್ಟುಕೊಂಡೆ ಎಂದು ಅವರೇ ಹೇಳಿದ್ದಾರೆ. ಷಹಜಹಾನನಿಗೂ ಅವರಿಗೂ ಇರುವ ನಂಟು ಇಷ್ಟೇ.

ಅವರು ಬ್ಲೂಸ್ ಗಾಯಕ, ಗಿಟಾರ್ ವಾದಕ. ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದಲ್ಲಿ, ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯರ ನಡುವೆ. ಗುಲಾಮಗಿರಿ 1865ರಲ್ಲಿ ಕಾನೂನಿನಲ್ಲಿ ಮುಗಿದಿತ್ತು. ಆದರೆ ಧಣಿಯ ನೆಲವನ್ನು ಪಾಲಿಗೆ ಮಾಡಿ, ಧಣಿಯ ಅಂಗಡಿಯಲ್ಲೇ ಸಾಲ ಬರೆಸಿ, ಬೆಳೆ ಬಂದಾಗ ಕೈಗೆ ಏನೂ ಉಳಿಯದ ಬದುಕು ಮುಂದುವರಿದಿತ್ತು. ಆ ಹಾಡಿನ ಕಟ್ಟು ಸರಳ: ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೊಂದು ಉತ್ತರ. ಪ್ರತಿ ಸಾಲಿನ ಕೊನೆಯಲ್ಲಿ ಗಾಯಕ ಸುಮ್ಮನಾದಾಗ ಗಿಟಾರು ಮಾತಾಡುತ್ತದೆ, ನಮ್ಮ ಕಚೇರಿಗಳಲ್ಲಿ ಪಿಟೀಲಿನವರು ಮಾಡುವಂತೆ.

ಆದರೆ ನಮ್ಮ ತಾಜ್ ಮಹಲ್ ಹತ್ತಿ ಹೊಲ ನೋಡಿ ಬೆಳೆದವರಲ್ಲ. ಕೆರಿಬಿಯನ್ ಮೂಲದ ತಂದೆ ಜಾಸ್ ಪಿಯಾನೊ ನುಡಿಸುತ್ತಿದ್ದರು, ತಾಯಿ ಚರ್ಚಿನಲ್ಲಿ ಹಾಡುತ್ತಿದ್ದರು. ಹುಡುಗನಿಗೆ 11 ವರ್ಷವಾಗಿದ್ದಾಗ ಟ್ರ್ಯಾಕ್ಟರ್ ಮಗುಚಿ ತಂದೆ ತೀರಿಕೊಂಡರು. ಆಮೇಲೆ ಗಿಟಾರು ಸಿಕ್ಕಿದ್ದು ಮಲತಂದೆಯಿಂದ, ಪಾಠ ಸಿಕ್ಕಿದ್ದು ದಕ್ಷಿಣದಿಂದ ವಲಸೆ ಬಂದು ನೆರೆಯಲ್ಲಿದ್ದ ಹುಡುಗನಿಂದ. ಅಷ್ಟಾದರೂ ಆಗ ಅವರ ಮನಸ್ಸಿದ್ದದ್ದು ಹಾಡಿನಲ್ಲಲ್ಲ, ಬೇಸಾಯದಲ್ಲಿ. 16ನೇ ವಯಸ್ಸಿಗೆ ಪಾಮರ್ ಎಂಬಲ್ಲಿನ ಹೈನು ಫಾರ್ಮಿಗೆ ಸೇರಿದರು. ಬೆಳಗಿನ ಜಾವ ನಾಲ್ಕು ದಾಟುತ್ತಲೇ ಎದ್ದು ದಿನಕ್ಕೆ 35ರಿಂದ 70 ಹಸುಗಳ ಹಾಲು ಕರೆಯುವ ಕೆಲಸ. 19ಕ್ಕೆ ಅಲ್ಲೇ ಮೇಸ್ತ್ರಿ. ವಿಶ್ವವಿದ್ಯಾಲಯದಲ್ಲಿ ಓದಿದ್ದೂ ಪಶುಸಂಗೋಪನೆಯೇ. ಕೊಟ್ಟಿಗೆಯ ಕೆಲಸ ಬಲ್ಲ ಮಲೆನಾಡಿನವರಿಗೆ ಇದು ಯಾವುದೇ ಪ್ರಶಸ್ತಿಗಿಂತ ದೊಡ್ಡ ಅರ್ಹತೆಯಾಗಿ ಕಂಡರೆ ನನ್ನದೇನೂ ತಕರಾರಿಲ್ಲ.

1960ರ ದಶಕದ ನಡುವೆ ಲಾಸ್ ಏಂಜಲೀಸಿಗೆ ಹೋದರು. ಅಲ್ಲಿ ಸಿಕ್ಕವರು ಇನ್ನೂ 20 ದಾಟದ ಗಿಟಾರ್ ವಾದಕ ರೈ ಕೂಡರ್. ಕರಿಯರೂ ಬಿಳಿಯರೂ ಕೂಡಿ ನುಡಿಸುವ ‘ರೈಸಿಂಗ್ ಸನ್ಸ್’ ತಂಡ ಕಟ್ಟಿದರು. ಕೊಲಂಬಿಯಾ ಕಂಪನಿ ಧ್ವನಿಮುದ್ರಿಸಿತು, ಒಂದು ಸಣ್ಣ ರೆಕಾರ್ಡು ಬಿಟ್ಟು ಉಳಿದದ್ದನ್ನು ಕಪಾಟಿನಲ್ಲಿಟ್ಟಿತು. ಅದು ಆಲ್ಬಮ್ ಆಗಿ ಹೊರಬಂದದ್ದು 1992ರಲ್ಲಿ! ತಂಡ ಒಡೆದ ಮೇಲೆ, 1968ರಲ್ಲಿ, ತಾಜ್ ತಮ್ಮದೇ ಹೆಸರಿನ ಮೊದಲ ಆಲ್ಬಮ್ ತಂದರು. ಅದರಲ್ಲಿ ಸ್ಲೈಡ್ ಗಿಟಾರು, ಅಂದರೆ ತಂತಿಯ ಮೇಲೆ ಗಟ್ಟಿ ವಸ್ತುವೊಂದನ್ನು ಜಾರಿಸಿ ನುಡಿಸುವ ಗಿಟಾರು, ನುಡಿಸಿದವರು ಅಮೆರಿಕದ ಮೂಲನಿವಾಸಿ ಸಮುದಾಯದ ಜೆಸ್ಸಿ ಎಡ್ ಡೇವಿಸ್. ಅದನ್ನು ಕೇಳಿ ಹುಚ್ಚು ಹಿಡಿಸಿಕೊಂಡ ಡ್ವೇನ್ ಆಲ್ಮನ್ ಎಂಬ ತರುಣ ನೆಗಡಿ ಮಾತ್ರೆಯ ಗಾಜಿನ ಸೀಸೆ ಖಾಲಿ ಮಾಡಿ, ಬೆರಳಿಗೆ ಸಿಕ್ಕಿಸಿಕೊಂಡು ಸ್ಲೈಡ್ ಕಲಿತ ಕಥೆ ರಾಕ್ ಸಂಗೀತದವರಿಗೆಲ್ಲ ಬಾಯಿಪಾಠ.

ತಾಜ್ ಅಲ್ಲಿಗೇ ನಿಲ್ಲಲಿಲ್ಲ. 1972ರ ‘ಸೌಂಡರ್’ ಚಿತ್ರಕ್ಕೆ ಸಂಗೀತ ಕೊಟ್ಟು ಪಾತ್ರವನ್ನೂ ಮಾಡಿದರು. ತಂದೆಯ ಕಡೆಯ ಕೆರಿಬಿಯನ್ ಲಯಗಳನ್ನು ಬ್ಲೂಸಿಗೆ ತಂದರು. 1980ರ ದಶಕದಲ್ಲಿ ಹವಾಯಿಯ ಕವಾಯಿ ದ್ವೀಪದಲ್ಲಿ ನೆಲೆಸಿದರು. 1999ರಲ್ಲಿ ಮಾಲಿ ದೇಶದ ವಾದಕ ತುಮಾನಿ ಜಬಾತೆಯವರೊಂದಿಗೆ ‘ಕುಲಂಜನ್’ ಆಲ್ಬಮ್ ಮಾಡಿದರು. ಬ್ಲೂಸಿನ ಶುದ್ಧಿ ಕಾಯುವ ಪಂಡಿತರಿಗೆ ಈ ಓಡಾಟ ರುಚಿಸಲಿಲ್ಲ. ನನಗೆ ಇದೇ ಅವರ ಸತ್ವ ಅನಿಸುತ್ತದೆ. ಹುಟ್ಟಿನಿಂದ ಬಾರದ ಸಂಗೀತವನ್ನು ಹುಡುಕಿಕೊಂಡು ಹೋದವರು ಬೇಲಿ ಹಾಕಿಕೊಂಡು ಕೂರುವುದಿಲ್ಲ.

ಇನ್ನು ನಿಮ್ಮ ಸಿ.ಡಿ. ಅದು 1995ರದು. ಹೊರತಂದದ್ದು ಕ್ಯಾಲಿಫೋರ್ನಿಯಾದ ವಾಟರ್ ಲಿಲಿ ಅಕೂಸ್ಟಿಕ್ಸ್ ಎಂಬ ಪುಟ್ಟ ಕಂಪನಿ. ಅದರ ನಿರ್ಮಾಪಕ ಕವಿಚಂದ್ರನ್ ಅಲೆಗ್ಸಾಂಡರ್ ಅವರದು ಹಠದ ಪದ್ಧತಿ: ವಾದಕರನ್ನು ಎದುರುಬದುರು ಕೂರಿಸಿ, ಕೆಲವೇ ಮೈಕುಗಳಲ್ಲಿ, ಹಳೆಯ ಮಾದರಿಯ ಟೇಪಿನಲ್ಲಿ ಮುದ್ರಿಸುವುದು. ಅದೇ ಕಂಪನಿಗೆ ವಿಶ್ವಮೋಹನ ಭಟ್ಟರೂ ರೈ ಕೂಡರರೂ ಸೇರಿ ಮಾಡಿದ ‘ಎ ಮೀಟಿಂಗ್ ಬೈ ದಿ ರಿವರ್’ 1994ರಲ್ಲಿ ಗ್ರ್ಯಾಮಿ ಪಡೆದಿತ್ತು. ನಿಮ್ಮ ಸಿ.ಡಿ.ಯ ವಿ.ಎಂ. ಭಟ್ ಇವರೇ, ಜೈಪುರದವರು. ಗಿಟಾರಿಗೆ ತರಬಿನ ತಂತಿ ಸೇರಿಸಿ ಮೋಹನವೀಣೆ ಮಾಡಿಕೊಂಡವರು. ಎನ್. ರವಿಕಿರಣ್ 1967ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣೆ ವಾದಕರು. ಗೋಟುವಾದ್ಯ ಎಂದರೂ ಅದೇ. ತಾತ ನಾರಾಯಣ ಅಯ್ಯಂಗಾರ್, ತಂದೆ ನರಸಿಂಹನ್ ಇಬ್ಬರೂ ಅದೇ ವಾದ್ಯದವರು. ರವಿಕಿರಣ್ ಎರಡು ವರ್ಷದ ಮಗುವಾಗಿದ್ದಾಗಲೇ ರಾಗಗಳನ್ನು ಗುರುತಿಸಿ ವಿದ್ವಾಂಸರನ್ನು ಬೆರಗಾಗಿಸಿದ್ದರು.

ಇವರೆಲ್ಲ ಒಂದೆಡೆ ಕೂಡಿದ್ದು ಬರೀ ಚಪಲಕ್ಕಲ್ಲ. ಚಿತ್ರವೀಣೆಗೆ 21 ತಂತಿ, ಮೆಟ್ಟುಗಳೇ ಇಲ್ಲ. ತಂತಿಯ ಮೇಲೆ ಗುಂಡನೆಯ ಕೋಲು ಜಾರಿಸಿ ಸ್ವರ ಹಿಡಿಯಬೇಕು. ಮಿಸಿಸಿಪ್ಪಿಯ ಕರಿಯರು ಸೀಸೆಯ ಕತ್ತು, ಚಾಕು ಜಾರಿಸಿ ಮಾಡಿದ್ದೂ ಇದೇ. ಬ್ಲೂಸಿನ ಗಾಂಧಾರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ಅಳುಕುತ್ತಾ ನಿಂತಿರುತ್ತದೆ, ನಿಷಾದವೂ ಹಾಗೆಯೇ. ಪಿಯಾನೊದಲ್ಲಿ ಆ ಜಾಗವೇ ಇಲ್ಲ, ಜಾರುವ ಕೋಲಿಗೆ ಅದು ಸಲೀಸು. ಗಮಕದಲ್ಲಿ ಬೆಳೆದ ಕೈಗೆ ಯಾರೂ ಹೇಳಿಕೊಡಬೇಕಿಲ್ಲ.

ಆಲ್ಬಮ್ ಸಮನಾಗಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲರಿಗೂ ಗೊತ್ತಿರುವ ‘ಸ್ಟ್ಯಾಂಡ್ ಬೈ ಮಿ’ಯಲ್ಲಿ ಮೂವರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವ ಸೌಜನ್ಯದಲ್ಲೇ ಹೊತ್ತು ಕಳೆಯುತ್ತಾರೆ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936ರಲ್ಲಿ ಹಾಡಿದ್ದ ‘ಕಮ್ ಆನ್ ಇನ್ ಮೈ ಕಿಚನ್’ ಹಾಗಲ್ಲ. ಅದರ ಮೂಲದಲ್ಲೇ ಸ್ಲೈಡ್ ಇದೆ, ಆದ್ದರಿಂದ ನಮ್ಮ ತಂತಿಗಳು ಅಲ್ಲಿ ನೆಂಟರಾಗಿ ಬಂದವುಗಳಲ್ಲ, ಮನೆಯವು.

ತಾಜ್ ಮಹಲ್ ಮತ್ತು ರೈ ಕೂಡರ್ ಅರ್ಧ ಶತಮಾನದ ನಂತರ ಮತ್ತೆ ಕೂಡಿ ಮಾಡಿದ ‘ಗೆಟ್ ಆನ್ ಬೋರ್ಡ್’ಗೆ 2023ರಲ್ಲಿ ಗ್ರ್ಯಾಮಿ ಬಂತು. ನೀವು ಮೊದಲು 1968ರ ಆಲ್ಬಮ್ ಕೇಳಿ, ಆಮೇಲೆ ಜಾನ್ಸನ್‌ನ ಮೂಲ ಹಾಡು, ಕೊನೆಗೆ ‘ಮುಮ್ತಾಜ್ ಮಹಲ್’. ಸ್ಲೈಡಿನ ರುಚಿ ಹತ್ತಿದರೆ ಹವಾಯಿಯನ್ ಗಿಟಾರಿನಲ್ಲಿ ಹಿಂದುಸ್ತಾನಿ ನುಡಿಸುವ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರನ್ನು ಕೇಳುವುದನ್ನು ಮರೆಯಬೇಡಿ.