ಗಿನಿಯಿಲಿಯ ಆರೈಕೆಯೂ ಅದಕ್ಕೆ ಬರುವ ರೋಗಗಳೂ

ಇಲಿಯೆಂಬ ಹೆಸರು ನಮ್ಮ ಸೀಮೆಯ ಜನರಿಗೆ ಪ್ರಿಯವಾದುದಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳ ವರೆಗೂ ಹಬ್ಬಿತು. ಮನೆಯಲ್ಲಿ ಇಲಿ ಸತ್ತುಬಿದ್ದಿತೆಂದರೆ ಜನರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಈ ರೋಗವನ್ನು ಇಲಿಯಿಂದ ಇಲಿಗೆ ಒಯ್ಯುವುದು ಚಿಗಟವೆಂಬುದನ್ನು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನು ಅದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದನು. ಆ ಕಾಲದ ಭಯವು ಹಿರಿಯರ ಮಾತಿನಲ್ಲಿ ಇನ್ನೂ ಉಳಿದಿರುವುದು ಸಹಜವೇ. ಆದರೂ ಈಗಿನ ಮಕ್ಕಳು ಪಟ್ಟಣದ ಅಂಗಡಿಗಳಿಂದ ಗಿನಿಯಿಲಿ, ಬಿಳಿ ಇಲಿ, ಹ್ಯಾಮ್‌ಸ್ಟರ್ ಮೊದಲಾದ ಸಣ್ಣ ಪ್ರಾಣಿಗಳನ್ನು ತಂದು ಆಸೆಯಿಂದ ಸಾಕುತ್ತಾರೆ. ತಂದ ಮೇಲೆ ಅವು ಕೆಲವೇ ತಿಂಗಳಲ್ಲಿ ಸತ್ತುಹೋದರೆ ಮಕ್ಕಳು ಅಳುತ್ತಾರೆ; ತಾಯಿತಂದೆಗಳು ಆಯುಷ್ಯವೇ ಅಷ್ಟೆಂದು ಸಮಾಧಾನ ಹೇಳುತ್ತಾರೆ. ಈ ಸಮಾಧಾನವು ಹಲವು ಸಲ ಸರಿಯಾದುದಲ್ಲ. ಗಿನಿಯಿಲಿಯು ಚೆನ್ನಾಗಿ ಸಾಕಿದರೆ ಐದಾರು ವರುಷ, ಕೆಲವೊಮ್ಮೆ ಎಂಟು ವರುಷ ಬಾಳತಕ್ಕ ಪ್ರಾಣಿಯು. ಆದುದರಿಂದ ಅದರ ವಿಷಯವಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆಯಲಾಗಿದೆ.

ಅಂಗಡಿಯವರು ಗಿನಿಪಿಗ್ ಎಂದು ಕರೆಯುವ ಈ ಪ್ರಾಣಿಯು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೇರಿಕದ ಆಂಡಿಸ್ ಪರ್ವತಗಳ ಜನರು ಇದನ್ನು ಸಾವಿರಾರು ವರುಷಗಳ ಹಿಂದೆಯೇ ಸಾಕಿದರು. ಹದಿನಾರನೆಯ ಶತಮಾನದಲ್ಲಿ ಇದು ಯುರೋಪನ್ನು ಸೇರಿತು. ತಂಪು ಗುಡ್ಡಗಳಲ್ಲಿ ಹುಲ್ಲು ಮೇಯುತ್ತ, ಹದ್ದು ನರಿಗಳಿಗೆ ಅಂಜುತ್ತ ಬದುಕಿದ ವಂಶವಿದು. ಈ ಒಂದು ಸಂಗತಿಯಲ್ಲಿ ಅದರ ಆರೈಕೆಯ ಪಾಠವೆಲ್ಲ ಅಡಗಿರುತ್ತದೆ. ಬೇಟೆಗೆ ಈಡಾಗುವ ಪ್ರಾಣಿಯು ತನ್ನ ನೋವನ್ನು ಹೊರಗೆ ತೋರಿಸುವುದಿಲ್ಲ. ತೋರಿಸಿದರೆ ವೈರಿಯು ಅದನ್ನೇ ಮೊದಲು ಹಿಡಿಯುವನು. ಆದಕಾರಣ ನಮ್ಮ ಕಣ್ಣಿಗೆ ರೋಗವು ಕಾಣುವ ಹೊತ್ತಿಗೆ ಅದು ಬಹಳ ಮುಂದುವರಿದಿರುತ್ತದೆ. ದಿನಾಲು ಗಮನಿಸಿ ನೋಡುವುದೇ ಇದಕ್ಕೆ ಮೊದಲನೆಯ ಔಷಧವು.

ಆಹಾರದ ಮಾತನ್ನು ಮೊದಲು ಹೇಳಬೇಕು. ಗಿನಿಯಿಲಿಯ ಹಲ್ಲುಗಳು ಜೀವವಿರುವ ತನಕ ಬೆಳೆಯುತ್ತಲೇ ಇರುತ್ತವೆ. ಒಣಹುಲ್ಲನ್ನು ದಿನವಿಡೀ ಅಗಿದರೆ ಮಾತ್ರ ಅವು ಸವೆದು ಸಮವಾಗಿರುವುವು. ಬರೀ ಕಾಳು, ಬಿಸ್ಕೀಟು, ರೊಟ್ಟಿಯ ಚೂರುಗಳಿಂದ ಸಾಕಿದರೆ ದವಡೆ ಹಲ್ಲುಗಳು ಉದ್ದವಾಗಿ ನಾಲಿಗೆಯನ್ನು ಒತ್ತುತ್ತವೆ. ಬಾಯಿಯಿಂದ ಜೊಲ್ಲು ಸುರಿಯುತ್ತದೆ, ಗದ್ದವು ತೋಯುತ್ತದೆ. ಪ್ರಾಣಿಯು ಮೇವಿನ ಬಳಿಗೆ ಆಸೆಯಿಂದ ಬರುವುದು, ತಿನ್ನಲಾರದು. ಇಂಥ ಹಲ್ಲನ್ನು ಪಶುವೈದ್ಯರೇ ಸರಿಪಡಿಸಬೇಕು.

ಎರಡನೆಯದು ಸಿ ಜೀವಸತ್ವದ ಕೊರತೆ. ಇಲಿ, ನಾಯಿ, ಎಮ್ಮೆಗಳು ಈ ಸತ್ವವನ್ನು ತಮ್ಮ ದೇಹದಲ್ಲಿಯೇ ಮಾಡಿಕೊಳ್ಳುತ್ತವೆ. ಮನುಷ್ಯನೂ ಗಿನಿಯಿಲಿಯೂ ಮಾಡಿಕೊಳ್ಳಲಾರರು. 1907ರಲ್ಲಿ ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಪಂಡಿತರು ಗಿನಿಯಿಲಿಗಳಿಗೆ ಬರೀ ಧಾನ್ಯವನ್ನು ತಿನ್ನಿಸಿದಾಗ, ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವೇ ಅವುಗಳಿಗೆ ಬಂದಿತು. ಹಸಿ ಮೇವಿನಿಂದ ಅದನ್ನು ತಡೆಯಬಹುದೆಂದು ತಿಳಿದುಬಂದಿತು. ಈ ರೋಗದಲ್ಲಿ ಕೂದಲು ಒರಟಾಗುತ್ತದೆ, ಕೀಲುಗಳು ಬಾತು ನೋಯುತ್ತವೆ, ವಸಡಿನಿಂದ ರಕ್ತ ಒಸರುತ್ತದೆ, ಎತ್ತಿಕೊಂಡರೆ ಪ್ರಾಣಿಯು ಚೀರುತ್ತದೆ. ಒಂದು ಕಿಲೋ ತೂಗುವ ಗಿನಿಯಿಲಿಗೆ ದಿನಕ್ಕೆ 10ರಿಂದ 20 ಮಿಲಿಗ್ರಾಂ, ಗಬ್ಬವಾದುದಕ್ಕೆ 30 ಮಿಲಿಗ್ರಾಂ ಈ ಸತ್ವವು ಬೇಕು. ಒಂದು ಸಣ್ಣ ತುಂಡು ಪೇರಲ ಹಣ್ಣು ಇಲ್ಲವೆ ದೊಣ್ಣಮೆಣಸಿನಕಾಯಿ, ಜೊತೆಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಸಾಮಾನ್ಯವಾಗಿ ಸಾಕಾಗುವುದು. ಕುಡಿಯುವ ನೀರಿನಲ್ಲಿ ಕಲಸಿಟ್ಟ ಸಿ ಜೀವಸತ್ವವು ಬೇಗನೆ ಕೆಡುತ್ತದೆ. ಆದುದರಿಂದ ಅದನ್ನು ನೆಚ್ಚಕೂಡದು.

ಘಟಪ್ರಭೆಯ ನೀರಾವರಿಯುಳ್ಳ ಮಸಗುಪ್ಪಿ, ಮೂಡಲಗಿ, ಗೋಕಾಕಗಳ ಸುತ್ತಲಿನ ಮನೆಗಳಿಗೆ ಹಸಿ ಹುಲ್ಲಿನ ಕೊರತೆಯಿಲ್ಲ. ಆದರೆ ಕಬ್ಬಿನ ಬದುವಿನ ಹುಲ್ಲಿಗೆ ಕಳೆನಾಶಕವನ್ನು ಹೊಡೆದಿರುವರೋ ಎಂದು ಮೊದಲು ವಿಚಾರಿಸತಕ್ಕದ್ದು. 2019ರ ಆಗಸ್ಟಿನಲ್ಲಿ ಬಂದಂಥ ಪ್ರವಾಹದ ನೀರು ನಿಂತುಹೋದ ಜಾಗದ ಹುಲ್ಲನ್ನಂತೂ ಕೊಡಲೇಕೂಡದು. ಹೊಲದ ಇಲಿಗಳ ಮೂತ್ರದಿಂದ ಇಲಿಜ್ವರದ ರೋಗಾಣುಗಳು ನೀರನ್ನು ಸೇರುತ್ತವೆ. ಅವು ಸಾಕಿದ ಪ್ರಾಣಿಗೂ, ಹುಲ್ಲನ್ನು ಕೊಯ್ದ ಕೈಗೂ ಅಪಾಯಕರವಾದವು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮೊಳಕೆ ಬಂದ ಬಟಾಟೆಗಳನ್ನು ಎಂದೂ ಹಾಕಬಾರದು. ಕುದುರೆಮೆಂತೆಯಲ್ಲಿ ಸುಣ್ಣದ ಅಂಶವು ಹೆಚ್ಚಾಗಿರುವದರಿಂದ ಬೆಳೆದ ಪ್ರಾಣಿಗೆ ಮೂತ್ರದಲ್ಲಿ ಕಲ್ಲು ಕಟ್ಟುವ ಸಂಭವವುಂಟು; ಅದನ್ನು ಮಿತವಾಗಿ ಕೊಡತಕ್ಕದ್ದು.

ಮೂರನೆಯದು ವಾಸಸ್ಥಳದಿಂದ ಬರುವ ರೋಗಗಳು. ಹಸಿಯಾದ, ಮೂತ್ರದ ನಾತವುಳ್ಳ ಗೂಡಿನಲ್ಲಿ ಪುಪ್ಪುಸದ ರೋಗವು ಬೇಗನೆ ತಗಲುತ್ತದೆ. ಮೂಗು ಸೋರುವುದು, ಕಣ್ಣಿನಲ್ಲಿ ಪಿಸುರು, ಉಸಿರಾಡುವಾಗ ಪಕ್ಕೆ ಎಳೆಯುವುದು ಇದರ ಲಕ್ಷಣಗಳು. ಮೊಲವೂ ನಾಯಿಯೂ ತಾವು ಆರೋಗ್ಯವಾಗಿದ್ದುಕೊಂಡೇ ಈ ರೋಗದ ಒಂದು ಬಗೆಯ ಅಣುಗಳನ್ನು ಹೊತ್ತಿರುವುದುಂಟು. ಆದುದರಿಂದ ಮೊಲದೊಂದಿಗೆ ಒಂದೇ ಗೂಡಿನಲ್ಲಿ ಇಡಕೂಡದು. ತಂತಿಯ ನೆಲದ ಮೇಲೆ ನಿಂತರೆ ಅಂಗಾಲು ಹುಣ್ಣಾಗುತ್ತದೆ. ನೆಲವು ಗಟ್ಟಿಯಾಗಿರಬೇಕು, ಮೇಲೆ ಒಣಹುಲ್ಲಿನ ಹಾಸಿಗೆಯಿರಬೇಕು. ನಮ್ಮ ಸೀಮೆಯ ಬೇಸಿಗೆಯಂತೂ ತಂಪು ಗುಡ್ಡಗಳ ಈ ಪ್ರಾಣಿಗೆ ಪರಮ ವೈರಿಯು. ಉಷ್ಣಮಾನವು 30 ಡಿಗ್ರಿಯನ್ನು ದಾಟಿತೆಂದರೆ ಅದಕ್ಕೆ ಝಳ ಹೊಡೆಯುವ ಭಯವಿದೆ. ತಗಡಿನ ಮಾಡಿನ ಕೆಳಗೆ ಗೂಡನ್ನಿಡದೆ, ಗಾಳಿಯಾಡುವ ನೆರಳಿನಲ್ಲಿಟ್ಟು, ಮಲಗಲು ತಂಪಾದ ಒಂದು ಹಂಚನ್ನೋ ಒದ್ದೆ ಬಟ್ಟೆ ಸುತ್ತಿದ ನೀರಿನ ಬಾಟಲಿಯನ್ನೋ ಇಡಬೇಕು.

ನಾಲ್ಕನೆಯದು ಚರ್ಮರೋಗಗಳು. ಕಜ್ಜಿಯ ಹುಳವು ಚರ್ಮದಲ್ಲಿ ಕೊರೆದಾಗ ಪ್ರಾಣಿಯು ಹುಚ್ಚು ಹಿಡಿದಂತೆ ಕೆರೆದುಕೊಳ್ಳುತ್ತದೆ. ಕೆಲವೊಮ್ಮೆ ಸೆಳವು ಬಂದು ಬೀಳುವುದೂ ಉಂಟು. ಗಜಕರ್ಣವಾದರೆ ಮೂಗು ಕಣ್ಣುಗಳ ಸುತ್ತ ಕೂದಲುದುರಿ ಹೊಟ್ಟು ಏಳುತ್ತದೆ. ಈ ಗಜಕರ್ಣವು ಮಕ್ಕಳಿಗೂ ತಗಲುತ್ತದೆ. ಆದಕಾರಣ ಪ್ರಾಣಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವ ರೂಢಿಯನ್ನು ತಾಯಂದಿರು ಮಕ್ಕಳಿಗೆ ಹಾಕಿಕೊಡಬೇಕು.

ಹೆಣ್ಣು ಗಂಡುಗಳನ್ನು ಒಟ್ಟಿಗೆ ಬಿಡುವವರು ಇನ್ನೊಂದು ಮಾತನ್ನು ತಿಳಿದಿರಬೇಕು. ಏಳು ತಿಂಗಳು ತುಂಬಿದರೂ ಒಮ್ಮೆಯೂ ಮರಿ ಹಾಕದ ಹೆಣ್ಣಿನ ಸೊಂಟದ ಎಲುಬುಗಳ ಕೂಡಿಕೆಯು ಬಿಗಿದುಕೊಳ್ಳುತ್ತದೆ. ಆ ಮೇಲೆ ಗಬ್ಬವಾದರೆ ಮರಿಗಳು ಹೊರಬರಲಾರದೆ ತಾಯಿಯು ಪ್ರಾಣ ಬಿಡುವ ಭಯವಿದೆ. ಮರಿಗಳ ಅಗತ್ಯವಿಲ್ಲದವರು ಗಂಡನ್ನೂ ಹೆಣ್ಣನ್ನೂ ಬೇರೆಯಾಗಿಯೇ ಇಡುವುದು ಲೇಸು.

ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮನೆಯ ಪೆಟ್ಟಿಗೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮೊದಲಾದ ಪೆನಿಸಿಲಿನ್ ಜಾತಿಯ ಗುಳಿಗೆಗಳು ಮನುಷ್ಯನಿಗೆ ಜೀವದಾಯಕವಾದರೂ ಗಿನಿಯಿಲಿಗೂ ಹ್ಯಾಮ್‌ಸ್ಟರಿಗೂ ವಿಷಪ್ರಾಯವಾದವು. ಅವು ಕರುಳಿನಲ್ಲಿ ಮೇವನ್ನು ಅರಗಿಸುವ ಸೂಕ್ಷ್ಮಜೀವಿಗಳನ್ನು ಕೊಂದುಬಿಡುತ್ತವೆ. ಅವುಗಳ ಜಾಗದಲ್ಲಿ ವಿಷಕಾರಿ ಜೀವಿಗಳು ಬೆಳೆದು, ಕೆಲವೇ ದಿನಗಳಲ್ಲಿ ಭೇದಿಯಾಗಿ ಪ್ರಾಣಿಯು ಸಾಯುತ್ತದೆ. ಪ್ರೀತಿಯಿಂದ ಕೊಟ್ಟ ಕಾಲು ಗುಳಿಗೆಯೂ ಪ್ರಾಣವನ್ನು ತೆಗೆಯಬಹುದು. ಪಶುವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಕೊಡಕೂಡದು. ಊರಿನ ಪಶು ಆಸ್ಪತ್ರೆಯು ದನ ಎಮ್ಮೆಗಳಿಗೆ ಮಾತ್ರವೆಂದು ಸಂಕೋಚಪಡಬೇಕಾಗಿಲ್ಲ. ಪ್ರಾಣಿಯ ತೂಕವನ್ನೂ, ತಿಂದ ಮೇವನ್ನೂ, ಲಕ್ಷಣಗಳು ಮೊದಲಾದ ದಿನವನ್ನೂ ಬರೆದುಕೊಂಡು ಹೋದರೆ ವೈದ್ಯರ ಕೆಲಸವು ಸುಲಭವಾಗುವುದು.

ಕೊನೆಗೆ, ನೆನಪಿಡಲು ಮೂರು ನಿಯಮಗಳು. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿರಿ. ಕಿಲೋ ತೂಗುವ ಪ್ರಾಣಿಯು ನೂರು ಗ್ರಾಂ ಇಳಿಯಿತೆಂದರೆ ರೋಗವು ಒಳಗೆ ಸೇರಿದೆಯೆಂದು ತಿಳಿಯಿರಿ. ಹಿಕ್ಕೆಗಳು ಸಣ್ಣವಾದರೆ ಇಲ್ಲವೆ ನಿಂತುಹೋದರೆ ಅಲಕ್ಷಿಸಬೇಡಿರಿ. ಒಂದು ಹಗಲು ಮೇವು ಮುಟ್ಟದಿದ್ದರೆ ನಾಳೆ ನೋಡೋಣವೆನ್ನದೆ ಆ ದಿನವೇ ವೈದ್ಯರಲ್ಲಿಗೆ ಒಯ್ಯಿರಿ. ಯಾಕಂದರೆ ಇದರ ಕರುಳು ಬರಿದಾಗಿರುವುದನ್ನು ತಾಳಲಾರದು. ಗಿನಿಯಿಲಿಯನ್ನು ಬೇಡಿದವರು ಮಕ್ಕಳಾದರೂ ಅದರ ಜೀವದ ಭಾರವು ಹಿರಿಯರದೇ. ಮಗುವು ಮರೆತ ದಿನ ನೀರಿನ ಬಟ್ಟಲನ್ನು ತುಂಬುವ ತಾಯಿಯಿದ್ದ ಮನೆಯಲ್ಲಿ ಮಾತ್ರ ಈ ಪ್ರಾಣಿಯನ್ನು ತರುವುದು ಯೋಗ್ಯವು.