ಹಗಲಿನ ಎರಡು ಡೈಪರಿಗೆ ಮೂರೂವರೆ ಲಕ್ಷದ ಠೇವಣಿ

ಎಂಟು ಒಳಚಡ್ಡಿಗೆ 6,240 ರೂಪಾಯಿ ಕೊಟ್ಟೆ. ಒಂದಕ್ಕೆ 780. ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲಿ ಕೇಳಿ, "ಅಕ್ಕಾ, ಅಷ್ಟು ದುಡ್ಡಿಗೆ ಅಮ್ಮಂಗೆ ಒಂದು ಒಳ್ಳೆ ಸೀರೆ ಬರ್ತಿತ್ತಲ್ಲ" ಅಂದ. ಬರುತ್ತಿತ್ತು, ನಿಜ. ಆದರೆ ಅಮ್ಮನಿಗೆ ಸೀರೆಗೆ ಕೊರತೆಯಿಲ್ಲ. ಉಟ್ಟ ಸೀರೆ ಒದ್ದೆಯಾಗದ ಹಾಗೆ ನಾಲ್ಕು ಜನರ ನಡುವೆ ಕೂತು ಬರುವುದಕ್ಕೆ ದಾರಿ ಬೇಕಿತ್ತು. ಕೆಮ್ಮಿದರೆ, ಸೀನಿದರೆ, ಬಚ್ಚಲಿಗೆ ಎದ್ದು ಹೋಗುವಷ್ಟರಲ್ಲಿ ಮೂತ್ರ ಸೋರುತ್ತದೆ. ಅದನ್ನು ಹೀರಿಕೊಳ್ಳುವ, ತೊಳೆದು ಮತ್ತೆ ಹಾಕಿಕೊಳ್ಳುವ ಬಟ್ಟೆಯ ಚಡ್ಡಿಗೆ ಈ ದುಡ್ಡು. ಅಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಮಾರಾಯ್ತಿ, ನನ್ನಂಥೋರು ಎಷ್ಟು ಜನ ಇದ್ದಾರೋ" ಅಂದಳು.

ಇದಕ್ಕೂ ಮೊದಲು ಹಳೆಯ ಹತ್ತಿ ಸೀರೆ ಹರಿದು ಮಡಚಿ ಇಟ್ಟುಕೊಳ್ಳುತ್ತಿದ್ದಳು. ಖರ್ಚಿಲ್ಲ, ಆದರೆ ಹೊರಪದರ ಇಲ್ಲದ್ದರಿಂದ ಒದ್ದೆ ನೇರ ಲಂಗಕ್ಕೆ ಇಳಿಯುತ್ತಿತ್ತು. ಆಮೇಲೆ ತಮ್ಮ ಪ್ಯಾಂಟ್ ಡೈಪರ್ ಕಳಿಸಲು ಶುರುಮಾಡಿದ. ಹತ್ತರ ಪ್ಯಾಕೆಟ್ಟಿಗೆ 400 ರೂಪಾಯಿ. ಹಗಲಿಗೆ ಎರಡು, ರಾತ್ರಿಗೆ ಒಂದು.

ಕೊಳ್ಳುವ ಮೊದಲು ಮಾಡಿದ ಒಂದು ಕೆಲಸವನ್ನು ಎಲ್ಲರಿಗೂ ಹೇಳುತ್ತೇನೆ: ತೂಕ ಹಾಕಿ ನೋಡಿ. ಇದಕ್ಕೆಂದೇ ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಂಡು, ಹಾಕುವ ಮೊದಲು ಒಣ ಡೈಪರನ್ನೂ ಬದಲಿಸಿದ ಮೇಲೆ ಒದ್ದೆಯದನ್ನೂ ತೂಗಿದೆವು. ಒಂದು ಗ್ರಾಂ ಹೆಚ್ಚಾದರೆ ಸುಮಾರು ಒಂದು ಮಿಲಿಲೀಟರ್ ಸೋರಿದೆ ಎಂದರ್ಥ. ವೈದ್ಯರು ಮಾಡಿಸುವ ಪ್ಯಾಡ್ ಪರೀಕ್ಷೆಯೂ ಇದೇ ಲೆಕ್ಕದ್ದು. ಅಮ್ಮನದು ಹಗಲಿನಲ್ಲಿ ಒಂದೊಂದು ಡೈಪರಿಗೆ 40ರಿಂದ 60 ಗ್ರಾಂ. ಅರ್ಧ ಕಾಫಿ ಲೋಟವೂ ಇಲ್ಲ. ಇಡೀ ಮೂತ್ರಕೋಶ ಖಾಲಿಯಾದರೂ ತಡೆದುಕೊಳ್ಳುವ ಹಾಗೆ ಮಾಡಿದ ವಸ್ತುವನ್ನು ಅಷ್ಟು ಸೋರಿಕೆಗೆ ಕೊಳ್ಳುತ್ತಿದ್ದೆವು. ಅಷ್ಟೇ ಅಲ್ಲ, "ಇನ್ನೂ ತುಂಬಿಲ್ಲ, ಯಾಕೆ ಬಿಸಾಡೋದು" ಎಂದು ಅಮ್ಮ ಅದನ್ನೇ ಹಾಕಿಕೊಂಡು ಕೂರುತ್ತಿದ್ದಳು. ತೊಡೆಸಂದಿ ಕೆಂಪಾಗಿ ಉರಿ. ಆ ಮುಲಾಮಿನ ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಈಗ ಲೆಕ್ಕ. ರಾತ್ರಿಯದು ಹೇಗಿದ್ದರೂ ಡೈಪರೇ ಇರಲಿ ಎಂದು ತೀರ್ಮಾನಿಸಿದೆವು, ಆದ್ದರಿಂದ ಅದನ್ನು ಎರಡೂ ಕಡೆಯಿಂದ ಬಿಟ್ಟುಬಿಡಿ. ಹಗಲಿನ ಎರಡು ಡೈಪರಿಗೆ ದಿನಕ್ಕೆ 80 ರೂಪಾಯಿ. ಬಟ್ಟೆಯದಾದರೆ ಬೇಗ ಬೇಗ ಬದಲಿಸಬೇಕು, ದಿನಕ್ಕೆ ಮೂರು ಬೇಕು. ನಾನು ಕೊಂಡದ್ದರ ಚೀಟಿಯಲ್ಲಿ 200 ಒಗೆತ ತಡೆಯುತ್ತದೆ ಎಂದಿದೆ. ಚೀಟಿಯನ್ನು ನಂಬದೆ 150 ಹಿಡಿದೆ. ಎಂಟು ಚಡ್ಡಿ, ತಲಾ 150 ಸಲ: 1,200 ಬಳಕೆ. ದಿನಕ್ಕೆ ಮೂರರಂತೆ 400 ದಿನ. 6,240ನ್ನು 1,200ರಿಂದ ಭಾಗಿಸಿದರೆ ಒಂದು ಬಳಕೆಗೆ 5 ರೂಪಾಯಿ 20 ಪೈಸೆ. ಸೋಪಿನ ಪುಡಿ, ನೀರು, ಕರೆಂಟು ಸೇರಿ ಒಗೆತಕ್ಕೆ ಎರಡು ರೂಪಾಯಿ ಹಾಕಿ. ಒಟ್ಟು 7.20. ಮೂರಕ್ಕೆ 21.60. ಅಂದರೆ ದಿನಕ್ಕೆ 58 ರೂಪಾಯಿ 40 ಪೈಸೆ ಉಳಿತಾಯ, 400 ದಿನಕ್ಕೆ 23,360. ಹಾಕಿದ ಬಂಡವಾಳ ಎಂದು ಹುಟ್ಟುತ್ತದೆ? ದಿನಕ್ಕೆ 80 ಕೊಡುವುದು ತಪ್ಪಿತು, ಒಗೆಯಲು ಆರು ಹೋಯಿತು, ಕೈಯಲ್ಲಿ 74 ಉಳಿಯಿತು. 6,240 ವಾಪಸಾಗಲು 85 ದಿನ. ಮೂರು ತಿಂಗಳಿಗೂ ಕಮ್ಮಿ.

2025ರ ಸೆಪ್ಟೆಂಬರ್ 22ರಿಂದ ಡೈಪರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಆ ಲೆಕ್ಕ ಎಲ್ಲಿ ಎಂದು ತಮ್ಮ ಕೇಳಿದ. 400 ರೂಪಾಯಿಯ ಪ್ಯಾಕೆಟ್ ಹಳೆಯ ತೆರಿಗೆಯಲ್ಲಿ 427 ಆಗುತ್ತಿತ್ತು. ಒಂದು ಡೈಪರಿಗೆ ಎರಡೂವರೆ ರೂಪಾಯಿ ಚಿಲ್ಲರೆ ವ್ಯತ್ಯಾಸ. ಇದರಿಂದ ತಕ್ಕಡಿ ಆ ಕಡೆ ವಾಲುವುದಿಲ್ಲ.

ಅವನನ್ನು ಒಪ್ಪಿಸಿದ್ದು ಬೇರೆ ಲೆಕ್ಕ. ಅಮ್ಮನ ದುಡ್ಡು ಇರುವುದು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ, ಶೇ 8.2ರ ಬಡ್ಡಿಗೆ. ದಿನಕ್ಕೆ 80 ಎಂದರೆ ವರ್ಷಕ್ಕೆ 29,200. ಅಷ್ಟು ಬಡ್ಡಿ ಹುಟ್ಟಬೇಕಾದರೆ 3,56,000 ರೂಪಾಯಿ ಅಸಲು ಬೇಕು. ಅಪ್ಪ ಜೀವಮಾನವಿಡೀ ಕೂಡಿಟ್ಟದ್ದರಲ್ಲಿ ಮೂರೂವರೆ ಲಕ್ಷ ಹಗಲಿನ ಎರಡು ಡೈಪರಿಗೇ ದುಡಿಯಬೇಕು. ಇನ್ನು ಆರೋಗ್ಯ ವಿಮೆಯ ಕಡೆ ನೋಡುವುದು ಬೇಡ. ಆಸ್ಪತ್ರೆಯಲ್ಲಿ ಮಲಗಿದಾಗಲೂ ವಿಮೆಯವರು ಸಾಮಾನ್ಯವಾಗಿ ಕೊಡದ ವಸ್ತುಗಳ ಪಟ್ಟಿಯಲ್ಲಿ ಡೈಪರ್ ಇದೆ.

ಈ ಲೆಕ್ಕದಲ್ಲಿ ಒಂದು ದೊಡ್ಡ ಕಲಮು ಬಿಟ್ಟುಹೋಗಿದೆ: ತೊಳೆಯುವ ಕೈ. ಬಟ್ಟೆಯದು ಅಗ್ಗ ಎಂದು ಹೇಳುವವರು ಮನೆಯ ಹೆಂಗಸಿನ ದುಡಿಮೆಗೆ ಸೊನ್ನೆ ಹಾಕಿಯೇ ಹೇಳುವುದು. ಕೆಲಸದವರಿಗೆ ಇದಕ್ಕೆಂದು ತಿಂಗಳಿಗೆ ಸಾವಿರ ಹೆಚ್ಚು ಕೊಟ್ಟರೆ 400 ದಿನಕ್ಕೆ ಸುಮಾರು 13,000 ಹೋಗುತ್ತದೆ, ಉಳಿತಾಯ ಹತ್ತು ಸಾವಿರಕ್ಕೆ ಇಳಿಯುತ್ತದೆ. ಆಗಲೂ ಲಾಭವೇ. ಆದರೆ ಸೊಸೆಯ ತಲೆಗೆ ಕಟ್ಟುವುದಾದರೆ ಮೊದಲು ಅವಳನ್ನು ಕೇಳಿ, ಮಗನೂ ಒಂದು ಹೊತ್ತು ತೊಳೆಯಲಿ. ನಮ್ಮಲ್ಲಿ ಅಮ್ಮ ತಾನೇ ತಣ್ಣೀರಿನಲ್ಲಿ ಹಿಂಡಿ ಬಕೆಟ್ಟಿಗೆ ಹಾಕುತ್ತಾಳೆ, ನಾನು ದಿನದ ಬಟ್ಟೆಯ ಜೊತೆ ಮಷೀನಿಗೆ ಹಾಕುತ್ತೇನೆ. ಕಂಫರ್ಟ್ ಥರದ ಬಟ್ಟೆ ಮೆದುವಾಗಿಸುವ ದ್ರಾವಣ ಮಾತ್ರ ಬೇಡ, ಅದು ಎಳೆಗೆ ಅಂಟಿಕೊಂಡು ಹೀರುವ ಶಕ್ತಿ ಕುಂದಿಸುತ್ತದೆ. ಬ್ಲೀಚ್, ಕುದಿನೀರು, ಇಸ್ತ್ರಿ ಹೊರಗಿನ, ಒದ್ದೆ ತಡೆಯುವ ಪಿಯುಎಲ್ ಪದರವನ್ನು ಹಾಳುಮಾಡುತ್ತವೆ.

ಇನ್ನು ಬಿದಿರಿನ ಚಡ್ಡಿ. ಇದರ ಬಗ್ಗೆ ನನಗೆ ತಾಳ್ಮೆಯಿಲ್ಲ. ಹಸಿರು ಎಲೆಯ ಚಿತ್ರ ಹಾಕಿ, ಕ್ರಿಮಿನಾಶಕ ಗುಣ ಸಹಜವಾಗಿಯೇ ಇದೆ ಎಂದು ಬರೆದು ಒಂದಕ್ಕೆ 1,600 ಕೇಳುತ್ತಾರೆ. ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆ ತೆಗೆದರೆ ಅದು ವಿಸ್ಕೋಸ್, ನಾವು ರೇಯಾನ್ ಎಂದು ಕೊಳ್ಳುವ ಬಟ್ಟೆಯ ಜಾತಿಯದೇ. ಹೀರುತ್ತದೆ, ಮೆತ್ತಗೂ ಇರುತ್ತದೆ, ಆದರೆ ದುಪ್ಪಟ್ಟು ಬೆಲೆಗೆ ಕಾರಣ ಆ ಚಿತ್ರ. ನೀವು ನೋಡಬೇಕಾದ್ದು ಎಷ್ಟು ಮಿಲಿಲೀಟರ್ ಹೀರುತ್ತದೆ ಎಂಬುದನ್ನು, ಅದೂ ಚೀಟಿಯ ಮೇಲಲ್ಲ. ಅಳತೆ ಲೋಟದಲ್ಲಿ ನೀರು ಹೊಯ್ದು, ಮೇಲೆ ಟವೆಲ್ ಹಾಕಿ ಕೈಯಿಂದ ಒತ್ತಿ. ಕೂತಾಗ ಮೈಭಾರಕ್ಕೆ ಹೊರಬರುವುದು ಹಾಗೆಯೇ. 120 ಎಂದು ಬರೆದದ್ದು ನನ್ನ ಕೈಗೆ 90ಕ್ಕೇ ಅಂಚಿನಲ್ಲಿ ಜಿನುಗಿತು. ಅಮ್ಮನ 60ಕ್ಕೆ ಅದು ಸಾಕು. ಒಳ ಉಡುಪನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಮೊದಲು ಒಂದನ್ನೇ ತರಿಸಿ ನೋಡಿದೆ, ಆಮೇಲೆ ಏಳು.

ಅಳತೆಯ ವಿಷಯದಲ್ಲಿ ಸೊಂಟಕ್ಕಿಂತ ತೊಡೆ ಮುಖ್ಯ. ಅಲ್ಲಿ ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ಬಾವು ಇರುವ ಕಾಲಿಗೆ ಎಲಾಸ್ಟಿಕ್ ಕಚ್ಚುತ್ತದೆ. ಇನ್ನೊಂದು, ಅಮ್ಮನ ತಲೆಮಾರಿನ ಎಷ್ಟೋ ಹೆಂಗಸರಿಗೆ ಸೀರೆಯೊಳಗೆ ಲಂಗ ಬಿಟ್ಟರೆ ಚಡ್ಡಿ ಹಾಕಿ ಅಭ್ಯಾಸವೇ ಇಲ್ಲ. ಅವಸರದಲ್ಲಿ ಸೀರೆ ಎತ್ತಿ, ಚಡ್ಡಿ ಇಳಿಸುವಷ್ಟರಲ್ಲಿ ಅರ್ಧ ಆಗಿಹೋಗಿರುತ್ತದೆ. ಮನೆಯಲ್ಲಿರುವಾಗ ನೈಟಿ ಹಾಕಿಕೊಳ್ಳಲು ಶುರುಮಾಡಿದ ಮೇಲೆ ಅಮ್ಮನಿಗೆ ಸಲೀಸಾಯಿತು.

ನಮ್ಮ ಸಾಗರದ ಮಳೆಗಾಲ ಮಾತ್ರ ಈ ಬಟ್ಟೆಗೆ ಶತ್ರು. ಬಿಸಿಲಿರುವಾಗ ಬೆಳಿಗ್ಗೆ ಹರವಿದ್ದು ಸಂಜೆಗೆ ಒಣಗುತ್ತದೆ. ಜೂನ್ ಬಂತೆಂದರೆ ನಡುವಿನ ದಪ್ಪ ಪದರ ಎರಡು ದಿನವಾದರೂ ಹಸಿಹಸಿ. ಉಳಿದ ಬಟ್ಟೆಯಂತೆ ಬಚ್ಚಲು ಒಲೆಯ ಮೇಲಿನ ಗಳಕ್ಕೆ ಹಾಕುವ ಹಾಗಿಲ್ಲ, ಶಾಖಕ್ಕೆ ಹೊರಪದರ ಬಿರಿಯುತ್ತದೆ. ಒಳಮಗ್ಗುಲು ಹೊರಗೆ ಮಾಡಿ ಫ್ಯಾನಿನ ಕೆಳಗೆ ಹಾಕಬೇಕು. ಮೂರು ತಿಂಗಳು ಹಗಲಿಗೂ ಒಂದು ಡೈಪರ್ ಬಳಸಿದೆವು; ಬಂಡವಾಳ ಹುಟ್ಟುವುದು ಅಷ್ಟು ಮುಂದೆ ಹೋಗುತ್ತದೆ. ಮಲೆನಾಡಿನವರು, ಕರಾವಳಿಯವರು ನನ್ನ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಹಾಸಿಗೆ ಹಿಡಿದವರಿಗೆ, ಮಲದ ಮೇಲೆ ಹಿಡಿತವಿಲ್ಲದವರಿಗೆ ಈ ಚಡ್ಡಿ ಹೊಂದುವುದಿಲ್ಲ. ಅವರಿಗೆ ಪಕ್ಕದಲ್ಲಿ ಅಂಟಿಸುವ ಡೈಪರೇ ಸರಿ, ಅಲ್ಲಿ ಜಿಪುಣತನ ಬೇಡ.

ದುಡ್ಡಿನ ಅಂಕಣದಲ್ಲಿ ಇದನ್ನೂ ಹೇಳುತ್ತೇನೆ. ಸೋರುತ್ತದೆ ಎಂದು ನೀರು ಕುಡಿಯುವುದನ್ನು ಬಿಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶ ಕೆರಳುತ್ತದೆ, ಮಲಬದ್ಧತೆಯೂ ಸೇರಿಕೊಂಡು ಅವಸರ ಹೆಚ್ಚುತ್ತದೆ. ಕಡಿಮೆ ಮಾಡುವುದಾದರೆ ಸಂಜೆಯ ಕಾಫಿ ಕಡಿಮೆ ಮಾಡಿ. "ವಯಸ್ಸಾಯ್ತು, ಇದೆಲ್ಲ ಇದ್ದಿದ್ದೇ" ಎಂದು ವೈದ್ಯರಿಂದ ಮುಚ್ಚಿಡುವುದು ಎಲ್ಲಕ್ಕಿಂತ ದುಬಾರಿ ಅಭ್ಯಾಸ. ಸೋಂಕಿರಬಹುದು, ಸಕ್ಕರೆ ಇರಬಹುದು, ಗಂಡಸರಲ್ಲಿ ಪ್ರಾಸ್ಟೇಟ್ ಇರಬಹುದು. ಆರ್ನಾಲ್ಡ್ ಕೆಗೆಲ್ 1948ರಲ್ಲೇ ಬರೆದ ವ್ಯಾಯಾಮ ಇವತ್ತಿಗೂ ಕೆಮ್ಮಿದಾಗ ಸೋರುವವರಿಗೆ ಹೇಳುವ ಮೊದಲ ಚಿಕಿತ್ಸೆ: ತಳದ ಸ್ನಾಯುಗಳನ್ನು ಬಿಗಿದು ಬಿಡುವುದು, ದಿನಕ್ಕೆ ಮೂರು ಸಲ, ಪ್ರತಿ ಸಲ ಎಂಟಾದರೂ, ಕನಿಷ್ಠ ಮೂರು ತಿಂಗಳು. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಸರಿಯಾಗಿ ಕಲಿತರೆ ಆಮೇಲೆ ಪೈಸೆ ಖರ್ಚಿಲ್ಲ. ಎಷ್ಟೋ ಮನೆಗಳಲ್ಲಿ ಡೈಪರ್ ತಿಂಗಳು ತಿಂಗಳು ತಪ್ಪದೆ ಬರುತ್ತದೆ, ಇದನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ.

ಅಮ್ಮನ ವೈದ್ಯರು ಬಿಪಿ ಮಾತ್ರೆಯ ಚೀಟಿ ನೋಡಿ, ಅದರಲ್ಲಿ ಮೂತ್ರ ಹೆಚ್ಚಿಸುವ ಅಂಶವಿದೆ, ಸಂಜೆ ಬೇಡ, ಬೆಳಿಗ್ಗೆ ತಿಂಡಿಯ ಜೊತೆ ಕೊಡಿ ಎಂದರು. ಅಂದಿನಿಂದ ರಾತ್ರಿಯ ಡೈಪರೂ ಮೊದಲಿಗಿಂತ ಹಗುರ. ರಾತ್ರಿಗೆಂದೇ ದಪ್ಪ ಪದರದ ಬಟ್ಟೆಯ ಚಡ್ಡಿ 1,150ಕ್ಕೆ ಸಿಗುತ್ತದೆ. ಇನ್ನೆರಡು ವಾರ ತೂಕ ಬರೆದಿಟ್ಟುಕೊಂಡು, 150 ಗ್ರಾಂ ದಾಟದಿದ್ದರೆ ಒಂದು ತರಿಸಿ ನೋಡೋಣ ಎಂದುಕೊಂಡಿದ್ದೇವೆ. ಈ ಸಲ ದುಡ್ಡು ತಮ್ಮ ಕೊಡುತ್ತಾನಂತೆ.